ಹೆಸರು ಒಂದೇ, ಎಂಜಿನ್ ಬೇರೆ: ಪಿಕಪ್ ಟ್ರಕ್ಕಿಗೆ ಬೇರೆ ವರ್ಷದ ಎಂಜಿನ್ ಕೂರಿಸುವ ಲೆಕ್ಕ

ಟ್ರಕ್ಕಿನ ಎಂಜಿನ್ ಕೈಕೊಟ್ಟಿದೆ. ಬಾಡಿ ಗಟ್ಟಿಯಾಗಿದೆ, ಗೇರ್‌ಬಾಕ್ಸ್ ಸರಿಯಾಗಿದೆ, ಗಾಡಿ ಮಾರುವ ಮನಸ್ಸಿಲ್ಲ. ಗುಜರಿ ಯಾರ್ಡಿನಲ್ಲಿ ಅದೇ ಕಂಪನಿಯ, ಅದೇ 5.3 ಲೀಟರಿನ ಎಂಜಿನ್ ಸಿಗುತ್ತಿದೆ. ಆರು ವರ್ಷ ಹೊಸದು, ಓಡಿದ್ದೂ ಕಡಿಮೆ. ತಂದು ಕೂರಿಸಿದರೆ ಆಯಿತು, ಅಲ್ವಾ?

ಕೂರಿಸಬಹುದು. ಬೋಲ್ಟುಗಳೂ ಸೇರುತ್ತವೆ. ಬಹಳ ಜನ ಎಡವುವುದು ಅದರ ನಂತರ. ಕೀ ತಿರುಗಿಸಿದರೆ ಸ್ಟಾರ್ಟರ್ ಎಂಜಿನ್ನನ್ನು ಗರಗರ ಸುತ್ತಿಸುತ್ತದೆ. ಬ್ಯಾಟರಿ ಚೆನ್ನಾಗಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಕಿಡಿ ಮಾತ್ರ ಇಲ್ಲ. ಎರಡು ದಿನ ಪ್ಲಗ್, ಕಾಯಿಲ್, ಫ್ಯೂಸ್ ಎಲ್ಲ ತೆಗೆದು ನೋಡಿದರೂ ಏನೂ ಸಿಗುವುದಿಲ್ಲ. ಅದು ಸಿಗುವ ಜಾಗವೇ ಬೇರೆ. ಎಂಜಿನ್ ಬ್ಲಾಕಿನ ಒಳಗೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ಸುತ್ತಿಸುವ ದಂಡ ಇದೆ, ಅದರ ಜೊತೆ ಸುತ್ತುವ ಒಂದು ಚಕ್ರ ಇದೆ. ಆ ಚಕ್ರದ ಹಲ್ಲುಗಳ ಎಣಿಕೆ ಗಾಡಿಯ ಕಂಪ್ಯೂಟರಿಗೆ ಅರ್ಥವಾಗುತ್ತಿಲ್ಲ, ಅಷ್ಟೇ.

ಇಡೀ ವಿಷಯಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮದು 2002ರ ಷೆವರ್ಲೆ ಸಿಲ್ವರಾಡೊ, ಅಮೆರಿಕದ ಪಿಕಪ್ ಟ್ರಕ್. ಸಿಕ್ಕಿರುವುದು 2008ರ ಸಿಲ್ವರಾಡೊದ ಎಂಜಿನ್. ಎರಡೂ ವಿ8, ಎರಡೂ 5.3 ಲೀಟರ್. ಜಾಹೀರಾತಿನಲ್ಲಿ ಎರಡಕ್ಕೂ ವೋರ್ಟೆಕ್ 5300 ಎಂದೇ ಹೆಸರು. ಕಂಪನಿಯ ಒಳಗಿನ ಲೆಕ್ಕದಲ್ಲಿ ಮಾತ್ರ ಮೊದಲನೆಯದು ಮೂರನೇ ತಲೆಮಾರಿನ ಎಲ್‌ಎಂ7, ಎರಡನೆಯದು ನಾಲ್ಕನೇ ತಲೆಮಾರಿನ ಎಲ್‌ವೈ5.

ಮೊದಲು ಇದು ಯಾವ ಎಂಜಿನ್ ಎಂದು ಗೊತ್ತಾಗಬೇಕು

‘ಮಾಡೆಲ್ ವರ್ಷ’ ನಂಬಿ ಕೆಡಬೇಡಿ. ಅಮೆರಿಕದಲ್ಲಿ 2003ರ ಮಾಡೆಲ್ ಎಂದು ಮಾರುವ ಗಾಡಿ 2002ರಲ್ಲೇ ಕಾರ್ಖಾನೆಯಿಂದ ಹೊರಬಂದಿರಬಹುದು. ಇದಕ್ಕಿಂತ ದೊಡ್ಡ ಗೊಂದಲ 2007ರದು. ಆ ವರ್ಷ ಹಳೇ ಬಾಡಿಯ ಸಿಲ್ವರಾಡೊವನ್ನು ‘ಕ್ಲಾಸಿಕ್’ ಎಂದು ಮಾರಿದರು, ಹೊಸ ಬಾಡಿಯದನ್ನೂ ಜೊತೆಜೊತೆಗೇ ಮಾರಿದರು. ಎರಡೂ 2007ರ ಸಿಲ್ವರಾಡೊಗಳೇ. ಒಂದರಲ್ಲಿ ಮೂರನೇ ತಲೆಮಾರಿನ ಎಂಜಿನ್, ಇನ್ನೊಂದರಲ್ಲಿ ನಾಲ್ಕನೆಯದು. ಯಾರ್ಡಿನವರು ‘2007ರ 5.3’ ಎಂದರೆ ನಿಮಗೆ ಗೊತ್ತಾಗಿದ್ದು ಏನೂ ಇಲ್ಲ.

ಹಾಗಾಗಿ ನೋಡಬೇಕಾದದ್ದು ಗಾಡಿಯ ಗುರುತಿನ ಸಂಖ್ಯೆ, ಅಂದರೆ ವಿಐಎನ್. 1981ರಿಂದ ಇದು 17 ಅಕ್ಷರಗಳದ್ದು. ಹತ್ತನೇ ಅಕ್ಷರ ಮಾಡೆಲ್ ವರ್ಷ, ಎಂಟನೆಯದು ಎಂಜಿನ್. ಎಂಟನೇ ಜಾಗದಲ್ಲಿ ‘ಟಿ’ ಇದ್ದರೆ ಎಲ್‌ಎಂ7, ‘ಜೆ’ ಇದ್ದರೆ ಎಲ್‌ವೈ5. ಎಂಜಿನ್ ಮಾತ್ರ ನೆಲದ ಮೇಲೆ ಬಿದ್ದಿದ್ದರೂ ಅದು ಬಂದ ಗಾಡಿಯ ವಿಐಎನ್ ಕೇಳಿ ಬರೆದುಕೊಳ್ಳಿ. ಅದು ಸಿಗದಿದ್ದರೆ ಸ್ಟಾರ್ಟರ್ ಹಿಂದೆ ಬಗ್ಗಿ ನೋಡಿ. ಅಲ್ಲಿ ಏನು ನೋಡಬೇಕು ಎಂಬುದು ಸ್ವಲ್ಪ ಮುಂದೆ ಬರುತ್ತದೆ.

ಹಳೇ ಕಾಲದಲ್ಲೂ ಸುಲಭ ಇರಲಿಲ್ಲ

ಕಂಪ್ಯೂಟರ್ ಬಂದ ಮೇಲೆ ಎಲ್ಲ ಹಾಳಾಯಿತು, ಮೊದಲು ಯಾವ ಎಂಜಿನ್ ಯಾವ ಗಾಡಿಗಾದರೂ ಹೋಗುತ್ತಿತ್ತು ಎಂದು ಹಳೇ ಮೆಕ್ಯಾನಿಕ್‌ಗಳು ಹೇಳುವುದುಂಟು. ಪೂರ್ತಿ ನಿಜವಲ್ಲ. ಷೆವರ್ಲೆಯ ಹೆಸರುವಾಸಿ 350 (ಘನ ಇಂಚಿನ) ಎಂಜಿನ್ ನೋಡಿ. 1985ರವರೆಗೆ ಅದರ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಎರಡು ತುಂಡಿನದು. 1986ರಿಂದ ಒಂದೇ ತುಂಡಿನದು ಬಂತು. ಸೀಲ್ ಬದಲಾದರೆ ಏನಾಯಿತು ಅನ್ನಬಹುದು. ಅದಕ್ಕಾಗಿ ಕ್ರ್ಯಾಂಕಿನ ಹಿಂದಿನ ತುದಿಯ ಆಕಾರವೇ ಬದಲಾಯಿತು. ಆ ತುದಿಗೆ ಬಿಗಿಯುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ಬೋಲ್ಟುಗಳ ವೃತ್ತ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು. ಕ್ರ್ಯಾಂಕಿನಲ್ಲೇ ಇದ್ದ ಸಮತೋಲನದ ತೂಕದ ಒಂದು ಪಾಲು ಫ್ಲೈವೀಲಿಗೆ ಹೋಯಿತು. ಹಳೇ ಫ್ಲೈವೀಲ್ ಹೊಸ ಎಂಜಿನ್ನಿಗೆ ಕೂರುವುದೇ ಇಲ್ಲ. ಒಂದು ಲೆಕ್ಕಕ್ಕೆ ಇದು ಒಳ್ಳೆಯದು, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಫೋರ್ಡಿನ 302ರಲ್ಲಿ ಆ ಅದೃಷ್ಟವೂ ಇಲ್ಲ. 1980ರ ದಶಕದ ಆರಂಭದಲ್ಲಿ ಅದರ ಸಮತೋಲನದ ತೂಕ 28 ಔನ್ಸಿನಿಂದ 50 ಔನ್ಸಿಗೆ ಬದಲಾಯಿತು. ಬೋಲ್ಟುಗಳ ಜಾಗ ಮಾತ್ರ ಅದೇ. ತಪ್ಪು ಫ್ಲೈವೀಲ್ ಹಾಕಿದರೂ ಸುಮ್ನೆ ಕೂತುಬಿಡುತ್ತದೆ. ಎಂಜಿನ್ ಚಾಲೂ ಆದ ಮೇಲೆ ಇಡೀ ಗಾಡಿ ಗಡಗಡ ಅಲುಗಾಡಲು ಶುರು. ಕೂರದ ಬಿಡಿಭಾಗಕ್ಕಿಂತ ಕೂತೂ ಹೊಂದದ ಬಿಡಿಭಾಗದ ಬಗ್ಗೆ ನನಗೆ ಹೆದರಿಕೆ ಜಾಸ್ತಿ.

ಡಾಡ್ಜ್ ರ್‍ಯಾಮ್‌ನ 5.9 ಲೀಟರ್ ಕಮ್ಮಿನ್ಸ್ ಡೀಸೆಲ್ ಇನ್ನೊಂದು ತರಹ. 1998ರ ಮಧ್ಯದವರೆಗೆ ಬಂದ 12 ವಾಲ್ವಿನ ಎಂಜಿನ್ನಿನಲ್ಲಿ ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ. ಅದಕ್ಕೆ ಡೀಸೆಲ್ ತೆರೆದು ಮುಚ್ಚುವ ಒಂದು ಸೊಲೆನಾಯ್ಡಿಗೆ ಕರೆಂಟ್ ಕೊಟ್ಟರೆ ಸಾಕು, ಓಡುತ್ತದೆ. ಆಮೇಲೆ ಬಂದ 24 ವಾಲ್ವಿನದ್ದಕ್ಕೆ ಪಂಪನ್ನು ಆಳಲು ಎಲೆಕ್ಟ್ರಾನಿಕ್ಸ್ ಬೇಕು. 2003ರ ಕಾಮನ್ ರೈಲ್ ಎಂಜಿನ್ ಅಂತೂ ಕಂಪ್ಯೂಟರ್ ಇಲ್ಲದೆ ಒಂದು ಹನಿ ಡೀಸೆಲನ್ನೂ ಒಳಗೆ ಬಿಡುವುದಿಲ್ಲ. ಮೂರೂ 5.9 ಲೀಟರೇ. ಬೇರೆ ಗಾಡಿಗೆ ಎಂಜಿನ್ ಕೂರಿಸುವವರು ಇವತ್ತಿಗೂ ಹಳೇ 12 ವಾಲ್ವನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೇ.

ಹಲ್ಲಿನ ಲೆಕ್ಕ

ಈಗ ನಮ್ಮ ಸಿಲ್ವರಾಡೊಗೆ ವಾಪಸ್ ಬರೋಣ. ಕಿಡಿ ಯಾವಾಗ ಕೊಡಬೇಕು, ಪೆಟ್ರೋಲ್ ಯಾವಾಗ ಚಿಮುಕಿಸಬೇಕು ಎಂದು ಕಂಪ್ಯೂಟರ್ ತೀರ್ಮಾನಿಸಬೇಕಾದರೆ ಪಿಸ್ಟನ್‌ಗಳು ಎಲ್ಲಿವೆ ಎಂದು ಅದಕ್ಕೆ ಗೊತ್ತಿರಬೇಕು. ಅದಕ್ಕೆ ಕಣ್ಣಿಲ್ಲ. ಇರುವುದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕಿನ ಹಿಂಬದಿಗೆ ಒಂದು ಹಲ್ಲಿನ ಚಕ್ರವನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಇದಕ್ಕೆ ರಿಲಕ್ಟರ್ ಚಕ್ರ ಎಂದು ಹೆಸರು. ಹಲ್ಲು ಎದುರಿಗೆ ಬಂದಾಗ ಸೆನ್ಸರಿನ ಸಂಕೇತ ಒಂದು ತರಹ, ಸಂದು ಬಂದಾಗ ಇನ್ನೊಂದು ತರಹ.

ಮೂರನೇ ತಲೆಮಾರಿನ ಚಕ್ರ ಒಂದು ಸುತ್ತಿಗೆ 24 ಸಂಕೇತ ಕೊಡುತ್ತದೆ. ಕೆಲವು ಅಗಲ, ಕೆಲವು ಕಿರಿದು. ಆ ಅಗಲ-ಕಿರಿದಿನ ಸಾಲು ನೋಡಿಯೇ ಕಂಪ್ಯೂಟರ್ ಜಾಗ ಗುರುತಿಸುತ್ತದೆ. ನಾಲ್ಕನೇ ತಲೆಮಾರಿನದ್ದು 58 ಹಲ್ಲಿನ ಚಕ್ರ. 360 ಡಿಗ್ರಿಯನ್ನು ಆರಾರು ಡಿಗ್ರಿಯಂತೆ 60 ಭಾಗ ಮಾಡಿ, ಎರಡು ಹಲ್ಲು ಬೇಕೆಂದೇ ಬಿಟ್ಟಿದ್ದಾರೆ. ಆ ಖಾಲಿ ಜಾಗವೇ ಗುರುತು. 24ರ ಲೆಕ್ಕ ಕಲಿತ ಕಂಪ್ಯೂಟರಿಗೆ 58ರ ಸಂಕೇತ ಕೊಟ್ಟರೆ ಎಲ್ಲಿಂದ ಎಣಿಸಬೇಕು ಎಂದೇ ತಿಳಿಯುವುದಿಲ್ಲ. ತಿಳಿಯದಿದ್ದರೆ ಅದು ಅಂದಾಜಿನಲ್ಲಿ ಕಿಡಿ ಕೊಡುವುದಿಲ್ಲ, ಸುಮ್ಮನಿರುತ್ತದೆ. ನಮ್ಮ ಪುಣ್ಯ. ತಪ್ಪು ಹೊತ್ತಿನಲ್ಲಿ ಕಿಡಿ ಬಿದ್ದರೆ ಎಂಜಿನ್ ಒದೆಯುತ್ತದೆ.

ಸ್ಟಾರ್ಟರ್ ಹಿಂದೆ ನೋಡಿ ಎಂದು ಹೇಳಿದ್ದೆನಲ್ಲ. ಬ್ಲಾಕಿನ ಬಲಗಡೆ ಹಿಂಭಾಗದಲ್ಲಿ ಸ್ಟಾರ್ಟರ್ ಇದೆ. ಅದರ ಮರೆಯಲ್ಲಿ ಒಂದೇ ಬೋಲ್ಟಿನಲ್ಲಿ ನಿಂತಿರುವ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ತುಂಡೇ ಕ್ರ್ಯಾಂಕ್ ಸೆನ್ಸರ್. ಕಪ್ಪಗಿದ್ದರೆ 24, ಬೂದು ಬಣ್ಣದ್ದಾದರೆ 58. ಎಣ್ಣೆ ಜಿಡ್ಡು ಮೆತ್ತಿಕೊಂಡರೆ ಬೂದು ಕೂಡ ಕಪ್ಪಾಗಿಯೇ ಕಾಣುತ್ತದೆ. ಬಟ್ಟೆಯಿಂದ ಒರೆಸಿ ನೋಡಿ. ಯಾರೋ ಸೆನ್ಸರ್ ಬದಲಿಸಿರುವ ಅನುಮಾನ ಬಂದರೆ, ಆ ಒಂದು ಬೋಲ್ಟ್ ಬಿಚ್ಚಿ ತೂತಿನೊಳಗೆ ಟಾರ್ಚ್ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಒತ್ತೊತ್ತಾಗಿ ಸಣ್ಣ ಹಲ್ಲುಗಳು ಸಾಲಾಗಿ ಹೋದರೆ 58. ಐದು ನಿಮಿಷದ ಕೆಲಸ, ಎರಡು ವಾರದ ತಲೆನೋವು ತಪ್ಪುತ್ತದೆ.

ಕ್ಯಾಮ್ ಅಂದರೆ ವಾಲ್ವುಗಳನ್ನು ತೆರೆಯುವ ದಂಡ. ಅದರ ಸೆನ್ಸರಿನ ಕಥೆಯೂ ಹೀಗೆಯೇ. ಹಳೆಯದರಲ್ಲಿ ಅದು ಬ್ಲಾಕಿನ ಹಿಂದಿನ ತುದಿಯಲ್ಲಿ ಮೇಲೆ ಇತ್ತು, ಕ್ಯಾಮಿನ ಒಂದು ಸುತ್ತಿಗೆ ಒಂದು ಸಂಕೇತ. ಹೊಸದರಲ್ಲಿ ಮುಂದಿನ ಟೈಮಿಂಗ್ ಕವರಿಗೆ ಬಂದಿದೆ, ಸುತ್ತಿಗೆ ನಾಲ್ಕು ಸಂಕೇತ. ಎಂಜಿನ್ನಿನ ಬಡಿತ ಗುರುತಿಸುವ ನಾಕ್ ಸೆನ್ಸರುಗಳು ಮೊದಲು ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿದ್ದವು, ಆಮೇಲೆ ಬ್ಲಾಕಿನ ಪಕ್ಕಗಳಿಗೆ ಹೋದವು. ಹಳೇ ವೈರು ಅಲ್ಲಿಗೆ ಮುಟ್ಟುವುದೇ ಇಲ್ಲ.

ದಾರಿ ಮೂರು

ಮೊದಲನೆಯದು, ಕ್ರ್ಯಾಂಕಿನ ಚಕ್ರವನ್ನೇ ಬದಲಿಸುವುದು. ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕ್ ಹೊರತೆಗೆದು, 58ರ ಚಕ್ರ ತೆಗೆದು 24ರದ್ದನ್ನು ಕಾಯಿಸಿ ಕೂರಿಸಬೇಕು. ಕೂರಿಸುವಾಗ ಕೋನ ಒಂದಿಷ್ಟೂ ಆಚೀಚೆ ಆಗಬಾರದು, ಯಾಕೆಂದರೆ ಆ ಕೋನವೇ ಕಂಪ್ಯೂಟರಿಗೆ ಆಧಾರ. ಇದಕ್ಕೆ ಬೇಕಾದ ಜಿಗ್ (ಕೋನ ತಪ್ಪದಂತೆ ಹಿಡಿಯುವ ಸಾಧನ) ಇರುವ ಮಷೀನ್ ಶಾಪಿನವರೇ ಮಾಡಬೇಕು. ಬೇರಿಂಗು, ರಿಂಗು ಬದಲಿಸಲು ಹೇಗೂ ಎಂಜಿನ್ ಬಿಚ್ಚುತ್ತಿದ್ದರೆ ಇದು ಒಳ್ಳೆಯ ದಾರಿ. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಇದೊಂದಕ್ಕಾಗಿ ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು, ನಡುವೆ ಒಂದು ದುಭಾಷಿ ಇಡುವುದು. 58ರ ಸಂಕೇತ ತೆಗೆದುಕೊಂಡು 24ರದ್ದಾಗಿ ಬದಲಿಸಿ ಕೊಡುವ ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಕ್ಯಾಮಿನ ನಾಲ್ಕನ್ನು ಒಂದಾಗಿಸುವ ಕೆಲಸವನ್ನೂ ಅವೇ ಮಾಡುತ್ತವೆ. ಇದಕ್ಕಾಗಿ ಎಂಜಿನ್ ಬಿಚ್ಚಬೇಕಿಲ್ಲ, ನಿಮ್ಮ ಗಾಡಿಯ ಕಂಪ್ಯೂಟರ್, ವೈರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಇದ್ದ ಹಾಗೆಯೇ ಇರುತ್ತವೆ. ದಿನಾ ಓಡಿಸುವ ಗಾಡಿಯಾದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಒಂದೇ ಕೊರತೆ, ಕೆಡಬಹುದಾದ ಇನ್ನೊಂದು ವಸ್ತು ಗಾಡಿಯಲ್ಲಿ ಸೇರಿಕೊಂಡಿತು. ಮಳೆ ನೀರು, ಎಂಜಿನ್ ಬಿಸಿ ತಾಗದ ಕಡೆ ಕಟ್ಟಬೇಕು.

ಮೂರನೆಯದು, ಹೊಸ ಎಂಜಿನ್ನಿನ ಜೊತೆ ಅದರದೇ ಕಂಪ್ಯೂಟರನ್ನೂ ತರುವುದು. ಕೇಳಲು ಇದೇ ಶುದ್ಧವಾದ ದಾರಿ ಅನ್ನಿಸುತ್ತದೆ. ಆದರೆ ಕಂಪ್ಯೂಟರ್ ಒಂದೇ ಬರುವುದಿಲ್ಲ, ಅದರ ಸಂಸಾರವೂ ಬರುತ್ತದೆ. ಪೂರ್ತಿ ವೈರಿಂಗ್ ಬೇಕು. ಆ ಕಂಪ್ಯೂಟರಿಗೆ ಎಲೆಕ್ಟ್ರಾನಿಕ್ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಬೇಕು, ಹಾಗಾಗಿ ಪೆಡಲ್ ಕೂಡ ಬೇಕು. 2002ರ ಗಾಡಿಯಲ್ಲಿ ಗೇರ್‌ಬಾಕ್ಸನ್ನೂ ಆಳುವುದು ಎಂಜಿನ್ ಕಂಪ್ಯೂಟರೇ. 2008ರಲ್ಲಿ ಅದಕ್ಕೆ ಬೇರೆಯೇ ಒಂದು ಪೆಟ್ಟಿಗೆ. ಅದನ್ನೂ ತರಬೇಕು.

ಇಷ್ಟೆಲ್ಲ ತಂದು ಜೋಡಿಸಿ ಎಂಜಿನ್ ಚಾಲೂ ಆಯಿತು ಅಂದುಕೊಳ್ಳಿ. ಡ್ಯಾಶ್‌ಬೋರ್ಡಿನ ಮುಳ್ಳುಗಳು ಸತ್ತ ಹಾಗೆ ಮಲಗಿರುತ್ತವೆ. 2002ರ ಮೀಟರುಗಳಿಗೆ ಬಹುಪಾಲು ಮಾಹಿತಿ ಬರುವುದು ಒಂದೇ ವೈರಿನ ಹಳೇ ಜಾಲದಲ್ಲಿ, ಸೆಕೆಂಡಿಗೆ ಸುಮಾರು 10.4 ಕಿಲೋಬಿಟ್ ವೇಗದಲ್ಲಿ. 2008ರ ಕಂಪ್ಯೂಟರ್ ಮಾತಾಡುವುದು ಕ್ಯಾನ್ ಎಂಬ ಜಾಲದಲ್ಲಿ. ಅಮೆರಿಕದಲ್ಲಿ 2008ರ ಮಾಡೆಲ್ ವರ್ಷದಿಂದ ತಪಾಸಣೆಯ ಸಂಪರ್ಕಕ್ಕೆ ಈ ಕ್ಯಾನ್ ಕಡ್ಡಾಯವೂ ಆಯಿತು. ಒಂದಕ್ಕೆ ಇನ್ನೊಂದರ ಭಾಷೆ ಬರುವುದಿಲ್ಲ. ಮೀಟರ್ ಬೇರೆ ಹಾಕಬೇಕು, ಇಲ್ಲವೇ ಇಲ್ಲಿಗೂ ಒಬ್ಬ ದುಭಾಷಿ ಬೇಕು.

ಮೂರರಲ್ಲಿ ಯಾವುದೇ ಆಗಲಿ, ಅರ್ಧ ಅದು ಅರ್ಧ ಇದು ಮಾಡಬಾರದು. ಹಳೇ ಕಂಪ್ಯೂಟರ್ ಇಟ್ಟುಕೊಂಡರೆ ಅದು ನೋಡುವುದೆಲ್ಲ 2002ರ ಹಾಗೆಯೇ ಇರಬೇಕು. ಹೊಸ ಕಂಪ್ಯೂಟರ್ ತಂದರೆ ಅದು ನೋಡುವುದೆಲ್ಲ 2008ರದ್ದೇ ಆಗಿರಬೇಕು.

ಯಾವುದು ಹಳೆಯದು, ಯಾವುದು ಹೊಸದು

ನಾವು ಎರಡನೇ ದಾರಿ ಹಿಡಿದೆವು ಅನ್ನೋಣ. ಆಗ ಯಾರ್ಡಿನಿಂದ ನಿಜವಾಗಿ ಬೇಕಿರುವುದು ಬ್ಲಾಕ್, ಹೆಡ್ಡುಗಳು ಮತ್ತು ಅವುಗಳ ಒಳಗಿರುವುದು. ಮೈಮೇಲೆ ತೊಡಿಸುವುದೆಲ್ಲ ನಿಮ್ಮ ಹಳೇ ಎಂಜಿನ್ನಿನದು.

ಇನ್‌ಟೇಕ್ ಮ್ಯಾನಿಫೋಲ್ಡ್, ಥ್ರಾಟಲ್, ಇಂಜೆಕ್ಟರ್, ಅದಕ್ಕೆ ಪೆಟ್ರೋಲ್ ಹಂಚುವ ಕೊಳವೆ (ಪೆಟ್ರೋಲ್ ರೈಲು) ನಾಲ್ಕನ್ನೂ ಒಟ್ಟಿಗೆ ಎತ್ತಿ ಹೊಸ ಎಂಜಿನ್ನಿನ ಮೇಲೆ ಇಡಿ. ಈ ಎರಡು ಎಂಜಿನ್ನುಗಳ ಹೆಡ್ಡಿನ ರಂಧ್ರಗಳ ಆಕಾರ ಒಂದೇ, ಹಾಗಾಗಿ ಇದು ಸಾಧ್ಯ. ಲಾಭ ಮೂರು. 2002ರ ಕೇಬಲ್ ಥ್ರಾಟಲ್ ಉಳಿಯುತ್ತದೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದರೆ ಎಷ್ಟು ಪೆಟ್ರೋಲ್ ಬೀಳುತ್ತದೆ ಎಂದು ಹಳೇ ಕಂಪ್ಯೂಟರಿಗೆ ಗೊತ್ತಿರುವ ಲೆಕ್ಕ ತಪ್ಪುವುದಿಲ್ಲ. ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪೈಪೂ ಇದ್ದ ಹಾಗೆಯೇ ಇರುತ್ತದೆ. 2004ರಿಂದ ಈ ಟ್ರಕ್ಕುಗಳಲ್ಲಿ ಆ ವಾಪಸ್ ಪೈಪ್ ಇಲ್ಲ.

ಇನ್ನೂ ಹಳೇ ಗಾಡಿಯಾದರೆ ಪೆಟ್ರೋಲ್ ಒತ್ತಡವನ್ನೂ ನೋಡಬೇಕು. 1995ರವರೆಗಿನ ಥ್ರಾಟಲ್ ಬಾಡಿ ಇಂಜೆಕ್ಷನ್ನಿನ 350ಗೆ 9ರಿಂದ 13 ಪಿಎಸ್‌ಐ ಸಾಕಿತ್ತು. 1996ರ ವೋರ್ಟೆಕ್ 350ಗೆ ಸುಮಾರು 60 ಬೇಕು. ಟ್ಯಾಂಕಿನ ಒಳಗಿನ ಪಂಪ್ ಬದಲಿಸದೆ ಅದು ಓಡುವುದಿಲ್ಲ.

ಆಯಿಲ್ ಪ್ಯಾನ್ ನಿಮ್ಮ ಗಾಡಿಯದ್ದೇ ಹಾಕಿ, ಎಣ್ಣೆ ಹೀರುವ ಕೊಳವೆಯ ಸಮೇತ. ಪ್ಯಾನಿನ ಆಕಾರ ಎಂಜಿನ್ನಿಗಿಂತ ಜಾಸ್ತಿ ಸಂಬಂಧಿಸಿದ್ದು ಚಾಸಿಯ ಅಡ್ಡಪಟ್ಟಿಗೆ. ಆ ಕೊಳವೆಯ ತುದಿಯಲ್ಲಿ ಒಂದು ರಬ್ಬರ್ ಓ-ರಿಂಗ್ ಇದೆ. ಹಳೆಯದನ್ನೇ ಹಾಕಿದರೆ, ಅಥವಾ ಕೂರಿಸುವಾಗ ಅದು ಒಂದಿಷ್ಟು ಕತ್ತರಿಸಿಹೋದರೆ, ಪಂಪ್ ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತದೆ. ಆಯಿಲ್ ಪ್ರೆಷರ್ ಇಳಿಯುತ್ತದೆ, ನೀವು ಎಂಜಿನ್ನೇ ಕೆಟ್ಟದ್ದು ಎಂದುಕೊಳ್ಳುತ್ತೀರಿ. ಇನ್ನೊಂದು, ಈ ಪ್ಯಾನ್ ಎರಕದ ಅಲ್ಯೂಮಿನಿಯಂ, ಗೇರ್‌ಬಾಕ್ಸಿನ ಬೋಲ್ಟ್ ಇದಕ್ಕೂ ಬರುತ್ತದೆ. ಪ್ಯಾನಿನ ಹಿಂದಿನ ಮುಖ ಬ್ಲಾಕಿನ ಮುಖದ ಜೊತೆ ಸಮಕ್ಕೆ ಇರಬೇಕು. ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ನೋಡಿಯೇ ಬಿಗಿ ಮಾಡಿ.

ಎಗ್ಸಾಸ್ಟ್ ಮ್ಯಾನಿಫೋಲ್ಡನ್ನೂ ದಾಟಿಸಿ. ಈ ಎಂಜಿನ್ನುಗಳಲ್ಲಿ ಹಿಂದಿನ ತುದಿಯ ಮ್ಯಾನಿಫೋಲ್ಡ್ ಬೋಲ್ಟಿನ ತಲೆ ಮುರಿದಿರುವುದು ಸಾಮಾನ್ಯ. ಎಂಜಿನ್ ಸ್ಟ್ಯಾಂಡಿನ ಮೇಲಿದ್ದಾಗಲೇ ತೆಗೆಯಿರಿ. ಗಾಡಿಯೊಳಗೆ ಹೋದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಹೊಸ ಎಂಜಿನ್ನಿನ ಒಳಗಿನ ಒಂದು ವಸ್ತು ಮಾತ್ರ ಯೋಚನೆಗೆ ಹಚ್ಚುತ್ತದೆ. 2008ರ ಎಲ್‌ವೈ5ರಲ್ಲಿ, ಭಾರ ಕಡಿಮೆ ಇದ್ದಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಇದೆ. 1, 4, 6 ಮತ್ತು 7ನೇ ಸಿಲಿಂಡರುಗಳಲ್ಲಿ ಎಣ್ಣೆಯ ಒತ್ತಡದಿಂದ ಮಡಚಿಕೊಳ್ಳುವ ಲಿಫ್ಟರುಗಳಿವೆ (ಕ್ಯಾಮಿನ ಚಲನೆಯನ್ನು ವಾಲ್ವಿಗೆ ಮುಟ್ಟಿಸುವ ಭಾಗಗಳು). ಹಳೇ ಕಂಪ್ಯೂಟರಿಗೆ ಈ ವ್ಯವಸ್ಥೆಯ ಸುಳಿವೇ ಇಲ್ಲ. ಅದು ಆಜ್ಞೆ ಕೊಡುವುದಿಲ್ಲ, ಎಂಟೂ ಸಿಲಿಂಡರ್ ಸದಾ ಓಡುತ್ತವೆ. ಹಾಗೆಯೇ ಬಿಟ್ಟರೂ ನಡೆಯುತ್ತದೆ. ಆದರೆ ಈ ಲಿಫ್ಟರುಗಳು ಕೆಟ್ಟು ಕ್ಯಾಮನ್ನೂ ಕೊರೆದುಹಾಕುವುದಕ್ಕೆ ಹೆಸರಾಗಿವೆ. ಸ್ಟ್ಯಾಂಡಿನ ಮೇಲಿದ್ದಾಗ ಸಾದಾ ಲಿಫ್ಟರ್, ಅದಕ್ಕೆ ಹೊಂದುವ ಕ್ಯಾಮ್, ಎಣ್ಣೆಯ ಆ ದಾರಿಗಳನ್ನು ಮುಚ್ಚುವ ಮೇಲಿನ ಕವರ್ ಹಾಕಿಬಿಡುವುದು ಒಳ್ಳೆಯದು. ಇದಕ್ಕೆ ಹೆಡ್ ಬಿಚ್ಚಲೇಬೇಕು. ಖರ್ಚು ಜಾಸ್ತಿಯೇ, ಆದರೆ ಇದನ್ನು ಮುಂದೂಡುವುದರಲ್ಲಿ ಅರ್ಥವಿಲ್ಲ.

ಗೇರ್‌ಬಾಕ್ಸಿಗೆ ಜೋಡಿಸುವಾಗ

ಹಲ್ಲಿನ ಲೆಕ್ಕ ಸರಿಮಾಡಿಕೊಂಡವರೂ ಇಲ್ಲಿ ಸೋಲುತ್ತಾರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರನ್ನು (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಭಾಗ) ಒಳಗೆ ತಳ್ಳಿ, ತಿರುಗಿಸುತ್ತಾ ಇದ್ದರೆ ಅದು ಟಕ್ ಟಕ್ ಎಂದು ಮೆಟ್ಟಿಲಿನ ಹಾಗೆ ಒಳಗಿಳಿಯುತ್ತದೆ. ಕೊನೆಯ ಟಕ್ ಆಗದೆ ಎಂಜಿನ್ ತಂದು ಬೋಲ್ಟ್ ಬಿಗಿದರೆ ಗೇರ್‌ಬಾಕ್ಸಿನ ಪಂಪ್ ಪುಡಿಯಾಗುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮುಖಗಳು ಕೈಯಿಂದ ತಳ್ಳಿದಾಗಲೇ ಕೂಡಬೇಕು. ಬೋಲ್ಟ್ ಬಿಗಿದು ಎಳೆದುಕೊಳ್ಳಬಾರದು. ಕೂಡಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಕ್ರ್ಯಾಂಕಿಗೆ ಬಿಗಿದ ತೆಳು ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಸಂದು ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ವಾಪಸ್ ಬಿಚ್ಚಿ.

ಕಾನೂನು ಏನನ್ನುತ್ತದೆ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನೀತಿ ಹೀಗಿದೆ: ಎಂಜಿನ್ ಬದಲಿಸಿದ ಮೇಲೆ ಗಾಡಿಯು, ಅದೇ ವರ್ಷದ ಅಥವಾ ಅದಕ್ಕಿಂತ ಹೊಸ ವರ್ಷದ, ಪ್ರಮಾಣಪತ್ರ ಪಡೆದ ಯಾವುದಾದರೂ ಮಾದರಿಗೆ ಹೊಂದಬೇಕು. ಹಳೇ ಗಾಡಿಗೆ ಹೊಸ ಎಂಜಿನ್ ಸರಿ, ಹೊಸ ಗಾಡಿಗೆ ಹಳೇ ಎಂಜಿನ್ ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬಿಗಿ. ಅಲ್ಲಿ ಹೊಸ ಎಂಜಿನ್ನಿನ ಜೊತೆ ಅದರ ಹೊಗೆ ನಿಯಂತ್ರಣದ ಸಲಕರಣೆಯೆಲ್ಲ ಬರಬೇಕು, ರೆಫರಿ ಎಂದು ಕರೆಯುವ ಅಧಿಕೃತ ತಪಾಸಣೆಗಾರರಿಗೆ ತೋರಿಸಬೇಕು. ಅಂದರೆ ನಾನು ಮೆಚ್ಚಿದ ಎರಡನೇ ದಾರಿ ಅಲ್ಲಿ ದಡ ಸೇರುವುದು ಕಷ್ಟ. ಅಂಥ ಕಡೆ ಇದ್ದರೆ ಮೂರನೆಯದೇ ಗತಿ, ಇಲ್ಲವೇ ಅದೇ ತಲೆಮಾರಿನ ಎಂಜಿನ್ ಹುಡುಕಬೇಕು. ಬಿಡಿಭಾಗ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ.

ಕೀ ತಿರುಗಿಸುವ ದಿನ

ಮೊದಲು ಪೆಟ್ರೋಲ್ ಪಂಪಿನ ರಿಲೇ ಕಿತ್ತಿಡಿ. ಸ್ಟಾರ್ಟರ್ ಹತ್ತು ಹತ್ತು ಸೆಕೆಂಡು ಸುತ್ತಿಸಿ, ನಡುವೆ ಅದಕ್ಕೆ ಆರಲು ಬಿಡಿ. ಆಯಿಲ್ ಪ್ರೆಷರ್ ಮುಳ್ಳು ಎದ್ದ ಮೇಲೆ ರಿಲೇ ಹಾಕಿ ಚಾಲೂ ಮಾಡಿ.

ಓಡಿದರೂ ಎಂಜಿನ್ ದೀಪ ಹತ್ತಿ, ಸ್ಕ್ಯಾನರಿನಲ್ಲಿ ಪಿ1336 ಎಂದು ಬರಬಹುದು. ಗಾಬರಿ ಬೇಡ. ಪ್ರತಿ ಕ್ರ್ಯಾಂಕಿನ ಹಲ್ಲಿನ ಚಕ್ರದಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ, ಕಂಪ್ಯೂಟರ್ ಅದನ್ನು ಕಲಿತು ನೆನಪಿಟ್ಟುಕೊಂಡಿರುತ್ತದೆ. ಈಗ ಕ್ರ್ಯಾಂಕ್ ಬದಲಾಗಿದೆ, ಹೊಸದಾಗಿ ಕಲಿಯಬೇಕು. ಎಂಜಿನ್ ಬಿಸಿಯಾದ ಮೇಲೆ, ಈ ಸೌಲಭ್ಯ ಇರುವ ಸ್ಕ್ಯಾನರ್ ಹಚ್ಚಿ, ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಕೊಡುತ್ತಾರೆ. ಒಂದು ವೇಗಕ್ಕೆ ಏರಿದ ತಕ್ಷಣ ಕಂಪ್ಯೂಟರ್ ತಾನಾಗಿಯೇ ಪೆಟ್ರೋಲ್ ಕಡಿಯುತ್ತದೆ. ಆಗ ಕಾಲು ತೆಗೆಯಬೇಕು. ಎಂಜಿನ್ ಇಳಿಯುತ್ತಿರುವ ಆ ಕೆಲವೇ ಕ್ಷಣಗಳಲ್ಲಿ ಕಲಿಕೆ ಮುಗಿಯುತ್ತದೆ.

ಎಲ್ಲ ಆದ ಮೇಲೆ ಒಂದು ಸಣ್ಣ ಕೆಲಸ. ಬಾನೆಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿ: ಬ್ಲಾಕ್ 2008, ಇನ್‌ಟೇಕ್ ಮತ್ತು ಇಂಜೆಕ್ಟರ್ 2002, ಕ್ರ್ಯಾಂಕ್ ಸೆನ್ಸರ್ ಬೂದು, ದುಭಾಷಿ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಇನ್ನು ನಾಲ್ಕು ವರ್ಷಕ್ಕೆ ಸೆನ್ಸರ್ ಕೆಟ್ಟಾಗ ಅಂಗಡಿಯವರು ಗಾಡಿಯ ವರ್ಷ ಕೇಳುತ್ತಾರೆ. ನೀವು 2002 ಅಂದರೆ ಕಪ್ಪು ಸೆನ್ಸರ್ ಕೊಟ್ಟು ಕಳಿಸುತ್ತಾರೆ.